ಮೊದಲ ನಾಲ್ಕು ನಿಮಿಷ: ಮುಂಬೈಯಲ್ಲಿ ಸ್ಟ್ಯಾಂಡಪ್ ಮಾಡಬೇಕೆಂದಿರುವ ಕನ್ನಡಿಗರಿಗೆ

ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಊರಿಗೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ಎಲ್ಲರನ್ನೂ ನಗಿಸುವವರು ಒಬ್ಬರಾದರೂ ಇರುತ್ತಾರೆ. "ನೀನು ಸ್ಟೇಜ್ ಮೇಲೆ ಹೋಗಬೇಕು ಮಾರಾಯ" ಅಂತ ಅವರಿಗೆ ಹೇಳುವವರು ಹತ್ತು ಜನ ಇರುತ್ತಾರೆ. ನನಗೂ ಹೇಳಿದ್ದರು. ಹೋದೆ. ಖಾರ್‌ನಲ್ಲಿ ಒಂದು ಓಪನ್ ಮೈಕ್, ಅಂದರೆ ಹೆಸರು ಬರೆಸಿದ ಯಾರು ಬೇಕಾದರೂ ಸ್ಟೇಜ್ ಹತ್ತಬಹುದಾದ ಕಾರ್ಯಕ್ರಮ, ನಾಲ್ಕು ನಿಮಿಷ. ನಕ್ಕದ್ದು ಒಬ್ಬನೇ, ಅವನೂ ತನ್ನ ಫೋನ್ ನೋಡಿ ನಕ್ಕದ್ದು.

ಆಮೇಲೆ ಆರು ವರ್ಷ ಆಯಿತು. ಡೊಂಬಿವಲಿಯಲ್ಲಿ ಮನೆ, ಹಗಲು ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ, ವಾರಕ್ಕೆ ಮೂರು ರಾತ್ರಿ ಮೈಕು. ನಾನು ದೊಡ್ಡ ಹೆಸರೇನಲ್ಲ, ನಿಮ್ಮ ಅತ್ತೆ ನನ್ನ ವಿಡಿಯೋ ನೋಡಿರಲಿಕ್ಕಿಲ್ಲ. ಆದರೆ ಕೆಳಗಿನ ಮೆಟ್ಟಿಲುಗಳು ನನಗೆ ಚೆನ್ನಾಗಿ ಗೊತ್ತು, ಒಂದೊಂದರಲ್ಲೂ ಜಾರಿ ಬಿದ್ದಿದ್ದೇನೆ. ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಈ ಕೆಲಸವನ್ನು ನಿಮಿಷದಲ್ಲಿ ಅಳೆಯುತ್ತಾರೆ. "ನಿನ್ನ ಹತ್ತಿರ ಎಷ್ಟಿದೆ?" ಅಂದರೆ ದುಡ್ಡಲ್ಲ, ಎಷ್ಟು ನಿಮಿಷದ ಗಟ್ಟಿ ಹಾಸ್ಯ ಇದೆ ಅಂತ ಅರ್ಥ. ಓಪನ್ ಮೈಕಿಗೆ ನಾಲ್ಕೈದು ನಿಮಿಷ, ಟಿಕೆಟ್ ಶೋನಲ್ಲಿ ಸ್ಪಾಟ್ ಸಿಕ್ಕರೆ ಹತ್ತು, ದೊಡ್ಡವರ ಶೋಗೆ ಮೊದಲು ಬಂದು ಜನರನ್ನು ಬೆಚ್ಚಗೆ ಮಾಡುವುದಕ್ಕೆ ಹದಿನೈದು, ಸೋಲೋ, ಅಂದರೆ ನಿಮ್ಮೊಬ್ಬರದೇ ಶೋ ಆದರೆ ಒಂದು ಗಂಟೆ. ನನ್ನ ಹತ್ತಿರ ಇವತ್ತಿಗೆ ಇರುವುದು ಮೂವತ್ತೈದು.

ಮೊದಲು ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ

ಬರೆಯುವುದಕ್ಕಿಂತ ಮುಂಚೆ ನೋಡಿ. ಯೂಟ್ಯೂಬ್‌ನಲ್ಲಿ ಅಲ್ಲ, ಕೋಣೆಯಲ್ಲಿ ಕೂತು. ಯೂಟ್ಯೂಬ್‌ನಲ್ಲಿ ಸಿಗುವುದು ವರ್ಷಗಟ್ಟಲೆ ತಿದ್ದಿ ತೀಡಿದ ಒಂದು ಗಂಟೆ. ಓಪನ್ ಮೈಕಿನಲ್ಲಿ ಸಿಗುವುದು ಹಸಿ ಹಿಟ್ಟು. ಹಿಟ್ಟು ಹೇಗಿರುತ್ತದೆ ಅಂತ ಗೊತ್ತಿಲ್ಲದವರು ದೋಸೆ ಸರಿಯಾಗಲಿಲ್ಲ ಅಂತ ಬೇಗ ಬೇಜಾರಾಗುತ್ತಾರೆ.

ಮುಂಬೈಯಲ್ಲಿ ಕ್ಲಬ್ಬುಗಳ ಕಥೆ ಬಹಳ ಹಳೆಯದಲ್ಲ. 2010ರಲ್ಲಿ ಲಂಡನ್ನಿನ ಕಾಮಿಡಿ ಸ್ಟೋರ್ ಲೋವರ್ ಪರೇಲಿನ ಪಲೇಡಿಯಂನಲ್ಲಿ ಬಾಗಿಲು ತೆರೆಯಿತು, ಮುಂದೆ ಅದೇ ಕ್ಯಾನ್ವಾಸ್ ಲಾಫ್ ಕ್ಲಬ್ ಆಯಿತು. ಖಾರ್‌ನ ಹ್ಯಾಬಿಟಾಟ್ ಹೊಸಬರಿಗೆ ತುಂಬಾ ವರ್ಷ ಶಾಲೆಯ ಹಾಗಿತ್ತು. 2025ರ ಮಾರ್ಚ್‌ನಲ್ಲಿ ಒಂದು ವಿಡಿಯೋದ ಗಲಾಟೆಗೆ ಅಲ್ಲಿ ಕುರ್ಚಿ ಮೇಜು ಒಡೆದು ಹಾಕಿದರು. ಜಾಗಗಳು ಹೀಗೆ ಹುಟ್ಟುತ್ತವೆ, ಮುಚ್ಚುತ್ತವೆ, ಇನ್ನೊಂದು ಕೆಫೆಯ ಮಹಡಿಗೆ ಹೋಗುತ್ತವೆ. ಅದಕ್ಕೇ ವಿಳಾಸ ಬಾಯಿಪಾಠ ಮಾಡಬೇಡಿ. ಓಪನ್ ಮೈಕ್ ನಡೆಸುವವರನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಿಂಬಾಲಿಸಿ, ಹೆಸರು ಬರೆಸುವ ಫಾರ್ಮ್ ಅಲ್ಲೇ ಬರುತ್ತದೆ. ಬಂದ ಹತ್ತು ನಿಮಿಷದಲ್ಲಿ ತುಂಬಿಯೂ ಹೋಗುತ್ತದೆ.

ಹೋದಾಗ ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಜೋಕ್ ಬರೆದುಕೊಳ್ಳಬೇಡಿ, ಅದು ಕಳ್ಳತನದ ಮೊದಲ ಹೆಜ್ಜೆ. ಜನ ಎಲ್ಲಿ ನಕ್ಕರು, ಯಾವ ಶಬ್ದದ ಮೇಲೆ ನಕ್ಕರು, ಎಲ್ಲಿ ಗ್ಲಾಸ್ ಎತ್ತಿಕೊಂಡರು, ಅಷ್ಟೇ ಬರೆಯಿರಿ.

ಇನ್ನೊಂದು ಪಾಠಶಾಲೆ ನಮಗೆ ಮಾತ್ರ ಇದೆ, ಬಾಂದ್ರಾದ ಹುಡುಗರಿಗೆ ಇಲ್ಲ. ಯಕ್ಷಗಾನದ ಹಾಸ್ಯಗಾರ. ಮುಂಬೈಗೆ ಮೇಳ ಬಂದಾಗ ಹೋಗಿ ಅವನೊಬ್ಬನನ್ನೇ ನೋಡಿ. ಕೈಯಲ್ಲಿ ಬರೆದ ಸ್ಕ್ರಿಪ್ಟ್ ಇಲ್ಲ, ಎದುರಿನ ವೇಷಧಾರಿ ಏನು ಹೇಳುತ್ತಾನೋ ಗೊತ್ತಿಲ್ಲ, ಸಭೆಯಲ್ಲಿ ಯಾರು ಕೂತಿದ್ದಾರೆ ಅಂತ ನೋಡಿಕೊಂಡು ಅಲ್ಲೇ ಮಾತು ಹುಟ್ಟಿಸುತ್ತಾನೆ. ಕ್ಲಬ್ಬಿನಲ್ಲಿ ಕ್ರೌಡ್ ವರ್ಕ್ ಅನ್ನುವುದು ಇದನ್ನೇ, ಇಲ್ಲಿ ಕಿರೀಟ ಇಲ್ಲ ಅಷ್ಟೇ.

ಕ್ರಿಯಾಪದ ನಿಮ್ಮ ಶತ್ರು

ಈಗ ಬರೆಯುವುದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ.

ಸ್ವಂತ ಮನೆಯಿಂದ ಶುರು ಮಾಡಿ. ಲೋಕಲ್ ರೈಲಿನ ನೂಕಾಟ, ಮುಂಬೈ ಮಳೆ, ಬಾಡಿಗೆ ಮನೆಯ ಬ್ರೋಕರ್, ಇವನ್ನು ನಿಮಗಿಂತ ಮುಂಚೆ ನಾನ್ನೂರು ಜನ ಅರೆದಿದ್ದಾರೆ. ನಿಮ್ಮಪ್ಪನ ಬಗ್ಗೆ ನೀವು ಮಾತ್ರ ಹೇಳಬಹುದು.

ನಮ್ಮಪ್ಪ ಮೂವತ್ತು ವರ್ಷ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ನಾನು ಬರೆದ ಮೊದಲ ಜೋಕ್ ಅವರದ್ದೇ. ಮೊದಲ ರೂಪ ಹೀಗಿತ್ತು: ಅಪ್ಪ ಹದಿಮೂರನೇ ವಯಸ್ಸಿಗೆ ಕುಂದಾಪುರದಿಂದ ಬಂದರು, ಹಗಲು ಪ್ಲೇಟ್ ತೊಳೆದರು, ರಾತ್ರಿ ಶಾಲೆಗೆ ಹೋದರು, ಆಮೇಲೆ ಸಪ್ಲೈಯರ್ ಆದರು, ಆಮೇಲೆ ಗಲ್ಲಾ, ಈ ಅಭ್ಯಾಸ ಎಷ್ಟಿದೆ ಅಂದರೆ ನನ್ನ ಮದುವೆ ದಿನ ಆಶೀರ್ವಾದ ಮಾಡಲು ಬಂದು "ಬಿಲ್ಲು ಒಟ್ಟಿಗೋ, ಬೇರೆ ಬೇರೆಯೋ?" ಅಂತ ನಮ್ಮಿಬ್ಬರನ್ನೂ ಕೇಳಿದರು.

ಖಾರ್‌ನಲ್ಲಿ ಹೇಳಿದ್ದು ಇದನ್ನೇ, ಹಿಂದಿಯಲ್ಲಿ. ಎರಡು ತಪ್ಪು ಇತ್ತು. ಪ್ಲೇಟ್ ತೊಳೆದ ಕಥೆ ನಲವತ್ತು ಸೆಕೆಂಡು ತಗೊಂಡಿತು, ಅಷ್ಟರಲ್ಲಿ ಜನರಿಗೆ ಅಪ್ಪನ ಮೇಲೆ ಅಯ್ಯೋ ಪಾಪ ಅನ್ನಿಸಿತ್ತು. ಪಾಪ ಅನ್ನಿಸಿದ ಮೇಲೆ ಯಾರು ನಗುತ್ತಾರೆ? ಎರಡನೇ ತಪ್ಪು ನಮ್ಮ ಭಾಷೆಯದ್ದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ. ಹಿಂದಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ನಗು ಇರುವುದು "ಬೇರೆ ಬೇರೆಯೋ" ಅನ್ನುವುದರಲ್ಲಿ. ಅದಾದ ಮೇಲೆ "ಅಂತ ನಮ್ಮಿಬ್ಬರನ್ನೂ ಕೇಳಿದರು" ಅನ್ನುವ ಬಾಲ. ಜನ ನಗಲು ಬಾಯಿ ತೆಗೆಯುವ ಹೊತ್ತಿಗೆ ನಾನಿನ್ನೂ ಮಾತಾಡುತ್ತಿದ್ದೆ. ಅವರು ಬಾಯಿ ಮುಚ್ಚಿಕೊಂಡರು.

ಈಗಿನ ರೂಪ: "ನಮ್ಮಪ್ಪ ಮೂವತ್ತು ವರ್ಷ ಉಡುಪಿ ಹೋಟೆಲ್ ಗಲ್ಲಾದಲ್ಲಿ ಕೂತವರು. ನನ್ನ ಮದುವೆ ದಿನ ನಾವಿಬ್ಬರೂ ಕಾಲಿಗೆ ಬಿದ್ದೆವು. ಅಪ್ಪ ತಲೆ ಮೇಲೆ ಕೈ ಇಟ್ಟರು. ಕೇಳಿದ್ದು ಒಂದೇ ಮಾತು. ಬಿಲ್ಲು ಒಟ್ಟಿಗೋ, ಬೇರೆ ಬೇರೆಯೋ?"

ಇಲ್ಲಿ ನಿಲ್ಲಬೇಕು. ನಗು ಮೇಲೆ ಹೋಗಿ ಇಳಿಯಲು ಶುರುವಾದಾಗ, ಪೂರ್ತಿ ಇಳಿಯುವ ಮುಂಚೆ: "ಹೆಂಡತಿ ಹೇಳಿದಳು, ಸದ್ಯಕ್ಕೆ ಒಟ್ಟಿಗೆ."

ಈ ಎರಡನೇ ಸಾಲಿಗೆ ಟ್ಯಾಗ್ ಅನ್ನುತ್ತಾರೆ. ಹೊಸ ಕಥೆ ಕಟ್ಟದೆ ಅದೇ ಕಥೆಯಿಂದ ಇನ್ನೊಂದು ನಗು ಹಿಂಡುವುದು. ನನಗೆ ಮೊದಲ ಸಾಲಿಗಿಂತ ಜಾಸ್ತಿ ನಗು ತರುವುದು ಇದೇ. ಇದು ನಾನು ಬರೆದದ್ದೂ ಅಲ್ಲ. ಮನೆಯಲ್ಲಿ ಜೋಕ್ ಹೇಳಿ ತೋರಿಸಿದಾಗ ಹೆಂಡತಿ ಬೆಂಡೆಕಾಯಿ ಹೆಚ್ಚುತ್ತಾ ಹೇಳಿದ್ದು.

ನಿಮ್ಮ ಒಂದೊಂದು ಜೋಕನ್ನೂ ಹೀಗೆ ಬಿಡಿಸಿ ನೋಡಿ. ನಗಿಸುವ ಶಬ್ದ ಯಾವುದು? ಅದಾದ ಮೇಲೆ ಏನಾದರೂ ಉಳಿದಿದೆಯಾ? "ಅಂದರು", "ಅಂತೆ", "ಅಂತ ಅನ್ನಿಸಿತು" ಇವನ್ನೆಲ್ಲ ಆ ಶಬ್ದಕ್ಕಿಂತ ಮೊದಲಿಗೆ ಎಳೆದು ಹಾಕಿ. ಒಂದೂವರೆ ನಿಮಿಷದ ಜೋಕ್ ಇಪ್ಪತ್ತೈದು ಸೆಕೆಂಡ್ ಆದಾಗ ಜೀವ ಚುರ್ ಅನ್ನುತ್ತದೆ. ಆಗಲಿ ಬಿಡಿ.

ಆ ರಾತ್ರಿ

ಫಾರ್ಮ್ ತುಂಬಿ, ಹೆಸರು ಬಂತು ಅಂದುಕೊಳ್ಳಿ. ಕೆಲವು ಕಡೆ ಮಾತಾಡುವವರೇ ದುಡ್ಡು ಕೊಡಬೇಕು, ಕೆಲವು ಕಡೆ ಇಬ್ಬರು ಗೆಳೆಯರನ್ನು ಕರೆತನ್ನಿ ಅನ್ನುತ್ತಾರೆ. ನೂರಿನ್ನೂರು ರೂಪಾಯಿ ಆದರೆ ಜಾಗದ ಬಾಡಿಗೆ ಅಂದುಕೊಳ್ಳಿ. ಅದಕ್ಕಿಂತ ಜಾಸ್ತಿ ಕೇಳಿದರೆ ಹೋಗಬೇಡಿ, ಅದು ನಿಮ್ಮ ಮೇಲೆ ನಡೆಯುವ ಅಂಗಡಿ.

ಬೇಗ ಹೋಗಿ ಹೋಸ್ಟ್‌ಗೆ ಮುಖ ತೋರಿಸಿ. ಹೆಸರು ಸರಿಯಾಗಿ ಹೇಳಿಕೊಡಿ. ನನ್ನನ್ನು ಮೊದಲ ತಿಂಗಳು ಮೂರು ಬೇರೆ ಬೇರೆ ಹೆಸರಿಂದ ಕರೆದಿದ್ದಾರೆ. ಸ್ಟೇಜ್ ಹತ್ತಿದ ಕೂಡಲೇ ಮೈಕ್ ಸ್ಟ್ಯಾಂಡಿನಿಂದ ತೆಗೆಯಿರಿ, ಸ್ಟ್ಯಾಂಡನ್ನು ಹಿಂದಕ್ಕೆ ಇಡಿ. ಇಷ್ಟು ಮಾಡಲು ಬರುವವರು ಹೊಸಬರ ಹಾಗೆ ಕಾಣುವುದಿಲ್ಲ. ಮೈಕ್ ಗದ್ದದ ಹತ್ತಿರ ಇರಲಿ, ಐಸ್‌ಕ್ರೀಮ್ ಕೋನಿನ ಹಾಗೆ ದೂರ ಹಿಡಿಯಬೇಡಿ. "ನಾನು ಹೊಸಬ, ತಪ್ಪಾದರೆ ಕ್ಷಮಿಸಿ" ಅಂತ ಶುರು ಮಾಡಬೇಡಿ. ನಮ್ಮ ಸಭೆಗಳ ಅಭ್ಯಾಸ ಅದು, ವೇದಿಕೆಯ ಮೇಲಿರುವ ಗಣ್ಯರಿಗೆಲ್ಲ ನಮಸ್ಕಾರ ಹಾಕಿಯೇ ಮಾತು. ಇಲ್ಲಿ ಅಷ್ಟರಲ್ಲಿ ಒಂದು ನಿಮಿಷ ಹೋಯಿತು.

ಕೊನೆಯ ಒಂದು ನಿಮಿಷ ಉಳಿದಾಗ ಹಿಂದಿನಿಂದ ಯಾರಾದರೂ ಫೋನಿನ ಟಾರ್ಚ್ ತೋರಿಸುತ್ತಾರೆ. ಅದಕ್ಕೆ ಲೈಟ್ ಅನ್ನುತ್ತಾರೆ. ಲೈಟ್ ಕಂಡರೆ ಹೊಸ ಜೋಕ್ ಶುರು ಮಾಡಬೇಡಿ, ಕೈಯಲ್ಲಿರುವುದನ್ನು ಮುಗಿಸಿ ಇಳಿಯಿರಿ. ಕೆಟ್ಟದಾಗಿ ಮಾಡಿದವರನ್ನು ಮತ್ತೆ ಕರೆಯುತ್ತಾರೆ. ಹೊತ್ತು ಮೀರಿದವರನ್ನು ಕರೆಯುವುದಿಲ್ಲ.

ಪ್ರತಿ ಸಲವೂ ಫೋನಿನಲ್ಲಿ ರೆಕಾರ್ಡ್ ಮಾಡಿ. ವಾಪಸ್ ಬರುವಾಗ ರೈಲಿನಲ್ಲೇ ಕೇಳಿ. ನಮ್ಮಂಥ ಸೆಂಟ್ರಲ್ ಲೈನಿನವರು ಖಾರ್‌ನಿಂದ ಬಂದರೆ ದಾದರ್‌ನಲ್ಲಿ ಗಾಡಿ ಬದಲಿಸಬೇಕು. ಡೊಂಬಿವಲಿ ತಲುಪುವ ಹೊತ್ತಿಗೆ ನಾಲ್ಕು ನಿಮಿಷವನ್ನು ಎಂಟು ಸಲ ಕೇಳಬಹುದು. ಸ್ವಂತ ಧ್ವನಿ ಕೇಳುವುದು ಹಿಂಸೆ, ಗೊತ್ತು. ಆದರೆ ಸ್ಟೇಜ್ ಮೇಲೆ "ಒಳ್ಳೆ ನಗು ಬಂತು" ಅನ್ನಿಸಿದ್ದು ಕೇಳಿ ನೋಡಿದರೆ ಇಬ್ಬರದ್ದಾಗಿರುತ್ತದೆ. ರೆಕಾರ್ಡಿಂಗ್ ಸುಳ್ಳು ಹೇಳುವುದಿಲ್ಲ. ಮರುದಿನ ಒಂದೇ ಒಂದು ಬದಲಾವಣೆ ಮಾಡಿ, ಅದೇ ಜೋಕನ್ನು ಬೇರೆ ಕಡೆ ಹೇಳಿ. ಐದಾರು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ನನ್ನ ಮೊದಲ ಗಟ್ಟಿ ಐದು ನಿಮಿಷಕ್ಕೆ ಎಂಟು ತಿಂಗಳು ಬೇಕಾಯಿತು.

ಯಾವ ಭಾಷೆಯಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ಮುಂಬೈ ಕ್ಲಬ್ಬಿನಲ್ಲಿ ಹಿಂದಿ, ಮಧ್ಯೆ ಮಧ್ಯೆ ಇಂಗ್ಲಿಷು. ನಿಮ್ಮ ಹಿಂದಿಯಲ್ಲಿ ಮಂಗಳೂರು ಕೇಳಿಸಿದರೆ ಕೇಳಿಸಲಿ, ಆದರೆ ಆ ಉಚ್ಚಾರವನ್ನೇ ಜೋಕ್ ಮಾಡಿಕೊಳ್ಳಬೇಡಿ. ಹಿಂದಿ ಸಿನಿಮಾದವರು ಅದನ್ನು ಸಾಕಷ್ಟು ಮಾಡಿಯಾಗಿದೆ. ಪೂರ್ತಿ ಕನ್ನಡದಲ್ಲೇ ಸ್ಟ್ಯಾಂಡಪ್ ಮಾಡಬೇಕು ಅಂದರೆ ಬೆಂಗಳೂರಿನ ಕಡೆ ನೋಡಿ. ಅಲ್ಲಿ ಲೋಲ್‌ಬಾಗ್ ತಂಡದವರು ಕನ್ನಡದಲ್ಲಿ ಟಿಕೆಟ್ ಶೋ ನಡೆಯುತ್ತದೆ ಅಂತ ತೋರಿಸಿದ್ದಾರೆ.

ಸಂಘದ ಸ್ಟೇಜ್

ಕ್ಲಬ್ಬಿನ ಹುಡುಗರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ, ನಮಗೆ ಇದು ಚಿನ್ನದ ಗಣಿ. ಮಾಟುಂಗಾದಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಶನ್, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಇನ್ನು ಉಪನಗರಕ್ಕೊಂದು ಕನ್ನಡ ಸಂಘ. ವಾರ್ಷಿಕೋತ್ಸವ, ರಾಜ್ಯೋತ್ಸವ, ಅರಿಶಿನ ಕುಂಕುಮ, ಏನಾದರೊಂದು ಇದ್ದೇ ಇರುತ್ತದೆ. ಹದಿನೈದು ನಿಮಿಷ ಕೊಡಿ ಅಂದರೆ ಕೊಡುತ್ತಾರೆ. ಹದಿನೈದು ನಿಮಿಷಕ್ಕೆ ಕ್ಲಬ್ಬಿನಲ್ಲಿ ಎರಡು ವರ್ಷ ಕಾಯಬೇಕು.

ಆದರೆ ಈ ಜನ ಬೇರೆ. ಇವರ ಕಿವಿ ಗಂಗಾವತಿ ಪ್ರಾಣೇಶ್, ಪ್ರೊಫೆಸರ್ ಕೃಷ್ಣೇಗೌಡರ ಹಾಸ್ಯ ಭಾಷಣಕ್ಕೆ ಪಳಗಿದ್ದು. ಅಲ್ಲಿ ಕಥೆ ನಿಧಾನಕ್ಕೆ ಬೆಳೆಯುತ್ತದೆ, ಮಧ್ಯೆ ಒಂದು ಗಾದೆ, ಒಂದು ವಚನ, ಆಮೇಲೆ ನಗು. ಕ್ಲಬ್ಬಿನ ವೇಗದಲ್ಲಿ ಹೊಡೆದರೆ ಹಿರಿಯರು ಮುಖ ಮುಖ ನೋಡುತ್ತಾರೆ. ನಾನು ಖಾರ್‌ನಲ್ಲಿ ಕತ್ತರಿಸಿ ಎಸೆದ ಪ್ಲೇಟ್ ತೊಳೆದ ಕಥೆಯನ್ನು ಇಲ್ಲಿ ವಾಪಸ್ ಹಾಕಿದೆ. ಎದುರಿಗೆ ಕೂತವರಲ್ಲಿ ಅರ್ಧ ಜನ ಅದೇ ರಾತ್ರಿ ಶಾಲೆಯಲ್ಲಿ ಓದಿದವರು. ಇಲ್ಲಿ ಅದು ಅಯ್ಯೋ ಪಾಪ ಅಲ್ಲ, ಅವರದ್ದೇ ಕಥೆ. "ಬಿಲ್ಲು ಒಟ್ಟಿಗೋ" ಅಂದಾಗ ಬಂದ ನಗು ಎಷ್ಟು ಹೊತ್ತು ನಿಲ್ಲಲಿಲ್ಲವೆಂದರೆ ಟ್ಯಾಗ್ ಹೇಳಲು ಜಾಗವೇ ಸಿಗಲಿಲ್ಲ. ಮುಗಿದ ಮೇಲೆ ಒಬ್ಬರು ಹಿರಿಯ ಹೋಟೆಲಿನವರು ಬಂದು ಕೈ ಹಿಡಿದು ಗಂಭೀರವಾಗಿ ಹೇಳಿದರು: "ಬೇರೆ ಬೇರೆ ಬಿಲ್ಲಾದರೆ ಕಾಗದ ಜಾಸ್ತಿ ಖರ್ಚು ಮಗ." ಅದನ್ನೂ ಈಗ ಸೆಟ್ಟಿನಲ್ಲಿ ಸೇರಿಸಿಕೊಂಡಿದ್ದೇನೆ.

ಎಚ್ಚರಿಕೆ ಒಂದೇ. ನಿಮ್ಮ ಸರದಿ ಊಟಕ್ಕೆ ಮುಂಚೆಯೋ ಆಮೇಲೆಯೋ ಅಂತ ಮೊದಲೇ ಕೇಳಿ. ಒಂದು ಸಂಘದಲ್ಲಿ ನಾನು ಮೈಕ್ ಹಿಡಿದ ಕ್ಷಣಕ್ಕೇ "ಊಟದ ವ್ಯವಸ್ಥೆ ಮೊದಲ ಮಹಡಿಯಲ್ಲಿ ಶುರುವಾಗಿದೆ" ಅಂತ ಇನ್ನೊಂದು ಮೈಕಿನಲ್ಲಿ ಹೇಳಿದರು. ನಾನೂರು ಜನರ ಸಭೆ ಎರಡು ನಿಮಿಷದಲ್ಲಿ ಹದಿನೇಳಾಯಿತು. ಆ ಹದಿನೇಳೂ ಮೊಣಕಾಲು ನೋವಿನವರು.

ಟಿವಿ ಅಂದರೆ

ಹಿಂದಿ ಟಿವಿಯಲ್ಲಿ ಸ್ಟ್ಯಾಂಡಪ್‌ಗೆ ದೊಡ್ಡ ಬಾಗಿಲು ತೆರೆದದ್ದು 2005ರಲ್ಲಿ, ಸ್ಟಾರ್ ಒನ್‌ನ ಗ್ರೇಟ್ ಇಂಡಿಯನ್ ಲಾಫ್ಟರ್ ಚಾಲೆಂಜ್. ಸುನಿಲ್ ಪಾಲ್ ಗೆದ್ದರು, ರಾಜು ಶ್ರೀವಾಸ್ತವ್ ಮನೆಮಾತಾದರು. ಅದಕ್ಕೂ ಬಹಳ ಹಿಂದೆ ಜಾನಿ ಲಿವರ್ ಹಿಂದುಸ್ತಾನ್ ಲಿವರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾ ಕಂಪನಿಯ ಕಾರ್ಯಕ್ರಮದಲ್ಲಿ ಸಾಹೇಬರುಗಳ ನಕಲು ಮಾಡಿ, ಆ ಹೆಸರನ್ನೇ ಹೊತ್ತುಕೊಂಡು ಹೊರಗೆ ಬಂದವರು. 2018ರಲ್ಲಿ ಪ್ರೈಮ್ ವಿಡಿಯೋದ ಕಾಮಿಕ್‌ಸ್ತಾನ್ ಬಂದ ಮೇಲೆ ಕ್ಲಬ್ಬಿನ ಹುಡುಗರಿಗೂ ಸ್ಪರ್ಧೆಯ ದಾರಿ ಸಿಕ್ಕಿತು. ಕನ್ನಡದಲ್ಲಿ ಮಜಾ ಟಾಕೀಸ್ 2015ರಲ್ಲಿ, ಕಾಮಿಡಿ ಕಿಲಾಡಿಗಳು 2016ರಲ್ಲಿ ಶುರುವಾದವು. ಇವೆರಡರಲ್ಲೂ ಒಬ್ಬನೇ ನಿಂತು ಮಾತಾಡುವುದಕ್ಕಿಂತ ಸ್ಕಿಟ್ಟೇ ಮುಖ್ಯ. ಹಾಗಾಗಿ ಕನ್ನಡ ಟಿವಿಗೆ ಹೋಗಬೇಕೆಂದರೆ ಸುಮ್ನೆ ಸ್ಟ್ಯಾಂಡಪ್ ಸಾಲದು, ನಾಟಕ ಮಾಡಿ. ಮುಂಬೈಯಲ್ಲಿ ಕನ್ನಡ, ತುಳು ನಾಟಕ ತಂಡಗಳಿಗೇನೂ ಕೊರತೆ ಇಲ್ಲ.

ಟಿವಿಯಲ್ಲಿ ನಿಮ್ಮ ಮಾತು ನಿಮಗಿಂತ ಮುಂಚೆ ಸ್ಟುಡಿಯೋ ತಲುಪಿರುತ್ತದೆ. ಬರೆದು ಕೊಡಬೇಕು, ಯಾರೋ ಓದುತ್ತಾರೆ, ಬ್ರಾಂಡ್ ಹೆಸರು, ಜಾತಿ, ದೇವರು ಎಲ್ಲಕ್ಕೂ ಕೆಂಪು ಗೆರೆ. ನನ್ನ ಒಂದು ಆಡಿಶನ್‌ನಲ್ಲಿ ಅಪ್ಪನ ಜೋಕ್ ಇಷ್ಟವಾಯಿತು ಅಂದರು. ಆದರೆ ಅಪ್ಪ ಲುಂಗಿಯಲ್ಲಿರಬೇಕಂತೆ, "ಅಯ್ಯೋಯ್ಯೋ" ಅನ್ನಬೇಕಂತೆ, ನಗಿಸುವ ಸಾಲಿಗೆ ಮೊದಲೇ ಡೋಲಿನ ಸದ್ದು ಬರುತ್ತದಂತೆ. ನಮ್ಮಪ್ಪ ಪ್ಯಾಂಟ್ ಬಿಟ್ಟು ಬೇರೇನೂ ಹಾಕಿಕೊಂಡು ಗಲ್ಲಾದಲ್ಲಿ ಕೂತವರಲ್ಲ. ನಾನು ಬೇಡ ಅಂದೆ. ತಪ್ಪು ಮಾಡಿದೆನಾ? ಕೆಲವು ರಾತ್ರಿ ಹೌದು ಅನ್ನಿಸುತ್ತದೆ.

ಕೈಗೆ ಕರಾರು ಪತ್ರ ಬಂದರೆ ಖುಷಿಯಲ್ಲಿ ಸಹಿ ಹಾಕಬೇಡಿ. ಕಾಪಿರೈಟ್ ಯಾರಿಗೆ, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಅನ್ನುವ ಸಾಲು ಹುಡುಕಿ. ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ, ಜಾಗ ಹೇಳದಿದ್ದರೆ ಭಾರತಕ್ಕೆ ಮಾತ್ರ. ಆದರೆ ಕಂಪನಿಗಳ ವಕೀಲರು ಹೇಳದೇ ಬಿಡುವವರಲ್ಲ, "ಶಾಶ್ವತವಾಗಿ, ವಿಶ್ವದಾದ್ಯಂತ" ಅಂತ ಬರೆದಿರುತ್ತಾರೆ. ಅದೇ ಜೋಕನ್ನು ಕ್ಲಬ್ಬಿನಲ್ಲಿ ಹೇಳುವ ಹಕ್ಕು ನಿಮಗೆ ಉಳಿಯುತ್ತದಾ ಅಂತ ಕೇಳಿ. ಇನ್ನೊಂದು, ಐಡಿಯಾಗೆ ಕಾಪಿರೈಟ್ ಇಲ್ಲ, ಬರೆದ ರೂಪಕ್ಕೆ ಮಾತ್ರ. ಆದ್ದರಿಂದ ಬರೆದಿಟ್ಟುಕೊಳ್ಳಿ, ತಾರೀಖು ಹಾಕಿ.

ರೇಡಿಯೋ

ರೇಡಿಯೋದಲ್ಲಿ ಮುಖ ಇಲ್ಲ, ಕೈ ಇಲ್ಲ. ಕ್ಲಬ್ಬಿನಲ್ಲಿ ನಾನು ಅಪ್ಪನ ಜೋಕ್‌ಗೆ ಕಿವಿಯ ಹಿಂದಿನಿಂದ ಪೆನ್ನು ತೆಗೆಯುವ ಹಾಗೆ ಮಾಡುತ್ತೇನೆ, ಅರ್ಧ ನಗು ಆ ಪೆನ್ನಿನದ್ದು. ರೇಡಿಯೋದಲ್ಲಿ ಪೆನ್ನು ಸತ್ತಿತು. ಬದಲಿಗೆ ಧ್ವನಿಯಲ್ಲೇ ಮಾಡಬೇಕಾಯಿತು. ಹಿಂದೆ ಭಟ್ಟರ ಮಂತ್ರ, ಅದು ನಿಲ್ಲುತ್ತದೆ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ಗಲ್ಲಾದ ಒಣ ದನಿ: ಒಟ್ಟಿಗೋ, ಬೇರೆ ಬೇರೆಯೋ? ಒಟ್ಟು ಇಪ್ಪತ್ತೆರಡು ಸೆಕೆಂಡು. ಎರಡು ಹಾಡಿನ ಮಧ್ಯೆ ಸಿಗುವುದು ಅಷ್ಟೇ.

ಕೇಳುವವನು ಟ್ಯಾಕ್ಸಿ ಓಡಿಸುತ್ತಿರುತ್ತಾನೆ, ಇಲ್ಲಾ ಪಾತ್ರೆ ತೊಳೆಯುತ್ತಿರುತ್ತಾಳೆ. ನಡುವಿನಿಂದ ಕೇಳಿದರೂ ಅರ್ಥವಾಗಬೇಕು. ಮಾದರಿ ಬೇಕಾದರೆ ಆಕಾಶವಾಣಿಯ ವಿವಿಧ ಭಾರತಿಯಲ್ಲಿ ಬರುವ ಕಿರುನಾಟಕಗಳ ಕಾರ್ಯಕ್ರಮ ಹವಾ ಮಹಲ್ ಕೇಳಿ. ವಿವಿಧ ಭಾರತಿ ಶುರುವಾದದ್ದು 1957ರಲ್ಲಿ, ಬರೀ ಧ್ವನಿಯಿಂದ ಒಂದು ಮನೆ, ಒಂದು ಬಾಗಿಲು, ಜಗಳವಾಡುವ ಗಂಡ ಹೆಂಡತಿ ಹೇಗೆ ಕಣ್ಣೆದುರು ಬರುತ್ತಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಖಾಸಗಿ ಎಫ್‌ಎಂಗೆ ಹೋಗುವವರು ನೆನಪಿಡಿ, ಅವರಿಗೆ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ, ಹಾಗಾಗಿ ರಾಜಕೀಯದ ಹತ್ತಿರ ಹೋದರೆ ಒಳಗಿನವರೇ ಬೆವರುತ್ತಾರೆ. ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಕಳಿಸುವಾಗ ಎರಡು ನಿಮಿಷ ಮೀರಬೇಡಿ, ಒಳ್ಳೆಯದನ್ನು ಮೊದಲೇ ಹಾಕಿ.

ಪೊಲೀಸು ಮತ್ತು ದುಡ್ಡು

ದೊಡ್ಡವರ ಬಗ್ಗೆ, ದೇವರ ಬಗ್ಗೆ ಹೇಳಬೇಕಾ ಬೇಡವಾ ಅಂತ ನಾನು ಹೇಳುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ. ಧಾರ್ಮಿಕ ಭಾವನೆ ಕೆರಳಿಸಿದ ಆರೋಪಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್, 3 ವರ್ಷದವರೆಗೆ ಜೈಲು. ಸ್ಟ್ಯಾಂಡಪ್ ಮಾಡುವ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರಿನಲ್ಲಿ ಹಿಡಿದರು, ಹೊರಗೆ ಬರಲು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ಕ್ಲಬ್ಬಿನಲ್ಲಿ ಐವತ್ತು ಜನ ಸಂದರ್ಭ ಸಮೇತ ಕೇಳುತ್ತಾರೆ, ಅದೇ ಮಾತು ಮೂವತ್ತು ಸೆಕೆಂಡಿನ ರೀಲ್ ಆದರೆ ಸಂದರ್ಭ ಹೋಗಿರುತ್ತದೆ. ಸ್ಟೇಜಿಗೆ ಒಂದು ಧೈರ್ಯ ಬೇಕು, ಅಪ್‌ಲೋಡ್‌ಗೆ ಬೇರೆಯದೇ ಧೈರ್ಯ ಬೇಕು.

ದುಡ್ಡಿನ ಮಾತು. ಮೊದಲ ಎರಡು ವರ್ಷ ಏನೂ ಬರುವುದಿಲ್ಲ, ರೈಲು ಪಾಸಿನ ಖರ್ಚು ನಿಮ್ಮದೇ. ಆಮೇಲೆ ಸ್ಪಾಟಿಗೆ ಸ್ವಲ್ಪ ಬರುತ್ತದೆ. ನಿಜವಾದ ದುಡ್ಡು ಕಂಪನಿಗಳ ಖಾಸಗಿ ಕಾರ್ಯಕ್ರಮದಲ್ಲಿ, ಅಲ್ಲಿ ಬೈಗುಳ ನಡೆಯುವುದಿಲ್ಲ. ಹಾಗಾಗಿ ಮನೆಯವರೆದುರು ಹೇಳಬಹುದಾದ ಇಪ್ಪತ್ತು ನಿಮಿಷ ಬೇರೆಯೇ ಇಟ್ಟುಕೊಳ್ಳಿ. ನೌಕರಿ ಬಿಡಬೇಡಿ. ಕನಿಷ್ಠ ಒಂದು ವರ್ಷದ ಮನೆ ಖರ್ಚು ಕೈಯಲ್ಲಿ ಇರುವವರೆಗೆ ಆ ಮಾತೇ ಬೇಡ.

ಕಂಪನಿಗಳು ದುಡ್ಡು ಕೊಡುವಾಗ ಶೇ. 10 ಟಿಡಿಎಸ್, ಅಂದರೆ ಮೊದಲೇ ಕಡಿದುಕೊಳ್ಳುವ ತೆರಿಗೆ, ಹಿಡಿಯಬಹುದು. 2025ರ ಏಪ್ರಿಲ್‌ನಿಂದ ಒಬ್ಬರಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಇದು ಲಾಗೂ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತ ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ನೋಡಿ, ರಿಟರ್ನ್ ಹಾಕಿದರೆ ಹೆಚ್ಚಿನದು ವಾಪಸ್ ಬರುತ್ತದೆ. ಲೆಕ್ಕಪತ್ರದವನು ಅಂತ ಹೇಳುತ್ತಿಲ್ಲ, ಹಾಸ್ಯದವರಲ್ಲಿ ಅರ್ಧ ಜನ ಇದನ್ನು ನೋಡುವುದೇ ಇಲ್ಲ.

ಶೋಗೆ ಮುಂಚೆಯೇ ಅರ್ಧ ದುಡ್ಡು ತಗೊಳ್ಳಿ, ವಾಟ್ಸಾಪ್‌ನಲ್ಲಾದರೂ ಬರಹದಲ್ಲಿ ಮೊತ್ತ ಒಪ್ಪಿಸಿಕೊಳ್ಳಿ, ಮುಗಿದ ಮರುದಿನವೇ ಬಿಲ್ ಕಳಿಸಿ. "ಅವರು ಒಳ್ಳೆ ಜನ, ಕೊಡುತ್ತಾರೆ" ಅಂತ ಸುಮ್ಮನಿದ್ದು ನನಗೆ ಎರಡು ಕಡೆಯಿಂದ ಇನ್ನೂ ಬಂದಿಲ್ಲ. ಅಪ್ಪನಿಗೆ ಹೇಳಿದರೆ ಬಿಲ್ಲು ಕೊಡದೆ ಎದ್ದು ಹೋಗುವ ಗಿರಾಕಿಯನ್ನು ಬಿಟ್ಟೆಯಲ್ಲ ಅಂತ ಬೈಯುತ್ತಾರೆ. ಒಬ್ಬರಿಗೆ ಇವತ್ತು ಸಂಜೆ ಮತ್ತೆ ಫೋನ್ ಮಾಡಬೇಕು, ಹೋದ ತಿಂಗಳು ಮಾಡಿದಾಗ ಮೀಟಿಂಗ್‌ನಲ್ಲಿದ್ದರು.